ಲೂಸು ಬಿಟ್ಟ ಬೆಂಚು

"ಮೂವತ್ತು ವರ್ಷದಿಂದ ಊರಿನ ಸೊಂಟಾನೆಲ್ಲ ಅಳೆದಿದೀನಿ. ಒಂದು ಬೆಂಚಿಗೆ ಜಾಗ ಅಳೆಯೋದು ಯಾವ ಮಹಾ ಕೆಲಸ!" ಎಂದು ಟೈಲರ್ ಮಾಸ್ಟ್ರು ಕೊರಳಿನ ಟೇಪನ್ನು ಸರ್ರನೆ ಎಳೆದರು. ದಂಡಯಾತ್ರೆಗೆ ಹೊರಟ ರಾಜ ಕತ್ತಿ ಎಳೆದದ್ದೂ ಇಷ್ಟು ಗತ್ತಿನಲ್ಲಿ ಇದ್ದಿರಲಾರದು.

"ನೀವು ಅಳೀಬೇಡಿ ರೀ, ಬಡಗೀನೇ ಬಂದು ಅಳ್ಕೊಂಡು ಹೋಗ್ಲಿ" ಎಂದಳು ಹೆಂಡತಿ.

"ನನ್ನ ಮನೇಲಿ ಇನ್ನೊಬ್ಬ ಟೇಪು ಹಿಡಿಯೋದಾ? ಮಾನ ಹೋಗುತ್ತೆ ಕಣೇ!"

ಬೆಂಚು ಬೇಕಾಗಿದ್ದದ್ದು ಹೆಂಡತಿಯ ತಾಯಿಗೆ, ಅಂದರೆ ಮಾಸ್ಟ್ರ ಅತ್ತೆಗೆ. ಮಂಡಿನೋವಿಗೆಂದು ಡಾಕ್ಟರು ಅವರಿಗೆ ಲೇಸು ಕಟ್ಟುವ ಬೂಟು ಹಾಕಿಸಿದ್ದರು. ಮೂರು ತಿಂಗಳ ಹಿಂದೆ ಬಾಗಿಲಲ್ಲಿ ಒಂಟಿ ಕಾಲಲ್ಲಿ ನಿಂತು ಅದನ್ನು ಬಿಚ್ಚಲು ಹೋಗಿ, ಆಯ ತಪ್ಪಿ, ಕೊಡೆ ಸ್ಟ್ಯಾಂಡನ್ನು ತಬ್ಬಿಕೊಂಡು ಕೆಳಗೆ ಕೂತುಬಿಟ್ಟರು. "ಕೂತ್ಕೊಳ್ಳೋಕೆ ಒಂದು ಜಾಗ ಮಾಡೋವರೆಗೂ ನಿಮ್ಮನೆ ಬಾಗಿಲಿಗೆ ಬರಲ್ಲ" ಎಂದು ಹೋದವರು ಮತ್ತೆ ತಲೆ ಹಾಕಿರಲಿಲ್ಲ. ಸಮಾಧಾನಕ್ಕೆಂದು ಮಾಸ್ಟ್ರು ಒಂದು ಉಣ್ಣೆ ಕೋಟು ಹೊಲಿದು ಕಳಿಸಿದ್ದರು. ಅದಕ್ಕೂ ಅಲ್ಲಿಂದ ಹಾಂ ಇಲ್ಲ, ಹೂಂ ಇಲ್ಲ. ತಾಯಿ ಬರುತ್ತಿದ್ದ ಭಾನುವಾರ ಬಂತೆಂದರೆ ಹೆಂಡತಿ ಕಿಟಕಿ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಅದನ್ನು ನೋಡಲಾರದೆ ಮಾಸ್ಟ್ರು ಬೆಂಚು ಮಾಡಿಸಲು ಹೊರಟಿದ್ದರು.

ಬಾಗಿಲು ದಾಟಿ ಮನೆಯೊಳಗೆ ಕಾಲಿಟ್ಟರೆ ಒಂದು ಸಣ್ಣ ಓಣಿ, ಅದರ ಎಡಗಡೆ ಗೋಡೆ ಒಳಕ್ಕೆ ಸರಿದು ಆದ ಒಂದು ತಗ್ಗು. ಬೆಂಚಿಗೆ ಹೇಳಿ ಮಾಡಿಸಿದ ಜಾಗ. ಮಾಸ್ಟ್ರು ಮೂರು ಸಲ ಅಳೆದರು, ಚೀಟಿ ಬರೆದರು, ಬಡಗಿಗೆ ಕೊಟ್ಟರು. ಅತ್ತೆಗೆ ಸುದ್ದಿಯೂ ಹೋಯಿತು. "ಭಾನುವಾರ ನಾಲ್ಕು ಗಂಟೆಗೆ ಬರ್ತೀನಿ. ನೋಡೋಣ" ಎಂದರು ಅತ್ತೆ. ಆ 'ನೋಡೋಣ'ದಲ್ಲಿ ಇಡೀ ಕೋರ್ಟು ಕಛೇರಿಯೇ ಇತ್ತು.

ಭಾನುವಾರ ಮೂರೂವರೆಗೆ ಬೆಂಚು ಬಂತು. ನುಣುಪು ಅಂದರೆ ನುಣುಪು! ಬಡಗಿ ಬಾಗಿಲ ಕಡೆಯಿಂದ ತಳ್ಳಿದ, ಮಾಸ್ಟ್ರು ಒಳಗಿನಿಂದ ಎಳೆದರು. ಒಂದು ತುದಿ ತಗ್ಗಿನೊಳಗೆ ಹೋಯಿತು, ಇನ್ನೊಂದು ಹೋಗಲಿಲ್ಲ.

"ಇನ್ನೊಂಚೂರು ಒತ್ತು!"

ಬಡಗಿ ಒತ್ತಿದ. ಇನ್ನೊಂದು ತುದಿ ಎದುರುಗೋಡೆಗೆ ಗಕ್ಕನೆ ಕಚ್ಚಿಕೊಂಡಿತು. ಬೆಂಚು ಓಣಿಗೆ ಅಡ್ಡಡ್ಡ, ಗೇಟು ಹಾಕಿದಂತೆ. ಅತ್ತ ಎಳೆದರೂ ಇಲ್ಲ, ಇತ್ತ ಎಳೆದರೂ ಇಲ್ಲ.

"ಅಳತೆ ತಪ್ಪಿಸಿದೀಯಲ್ಲಯ್ಯ!" ಎಂದು ಮಾಸ್ಟ್ರು ಗುಡುಗಿದರು.

"ನೀವು ಬರ್ಕೊಟ್ಟಿದ್ದು ಐವತ್ತೆರಡಿಂಚು ಮಾಸ್ಟ್ರೇ. ಒಂದು ನೂಲು ಆಚೀಚೆ ಮಾಡಿಲ್ಲ" ಎಂದು ಬಡಗಿ ಜೇಬಿನಿಂದ ಚೀಟಿ ತೆಗೆದ.

ಹೆಂಡತಿ ಅದನ್ನು ಕಿತ್ತುಕೊಂಡು ಗಟ್ಟಿಯಾಗಿ ಓದಿದಳು. "ಜಾಗ ನಲವತ್ತೆಂಟು. ಹೊಲಿಗೆಗೆ ಎರಡು. ಲೂಸು ಎರಡು. ಒಟ್ಟು ಐವತ್ತೆರಡು." ಮಾಸ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಕೈ... ಅಭ್ಯಾಸಬಲ ಕಣೇ. ಲೂಸು ಬಿಡದೆ ಬರೆಯೋಕೆ ಕೈ ಬರಲ್ಲ."

"ಲೂಸು ಬೆಂಚಲ್ಲ ರೀ, ನೀವು!"

"ಸೈಡಲ್ಲಿ ಒಂಚೂರು ಹಿಡಿದು..." ಎಂದು ಮಾಸ್ಟ್ರು ಬಡಗಿಯತ್ತ ತಿರುಗಿದರು.

"ಹಿಡಿಯೋಕೆ ಇದೇನು ಪ್ಯಾಂಟಾ ಮಾಸ್ಟ್ರೇ? ಗರಗಸ ಹಾಕ್ಬೇಕು."

ಅಷ್ಟರಲ್ಲಿ ಹೊರಗೆ ಊರುಗೋಲಿನ ಟಕ್ ಟಕ್. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಹೆಂಡತಿಯ ಮುಖ ಇಷ್ಟಗಲ ಆಗಿ, ಬೆಂಚು ನೋಡಿದೊಡನೆ ಇಷ್ಟು ಚಿಕ್ಕದಾಯಿತು. "ಅಮ್ಮ ವಾಪಸ್ ಹೋಗ್ಬಿಡ್ತಾಳೆ ರೀ" ಎಂದಳು ಮೆಲ್ಲಗೆ. ಮಾಸ್ಟ್ರಿಗೆ ಬೆಂಚು ಕಚ್ಚಿಕೊಂಡದ್ದಕ್ಕಿಂತ ಈ ಮಾತು ಹೆಚ್ಚು ನೋಯಿಸಿತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಬೆಂಚು ನೋಡಿದರು, ಅದರಾಚೆ ಅಪರಾಧಿಗಳಂತೆ ನಿಂತ ಮಗಳನ್ನೂ ಅಳಿಯನನ್ನೂ ನೋಡಿದರು. "ಸ್ವಲ್ಪ ಸರಿಯಪ್ಪ" ಎಂದು ಬಡಗಿಯನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದು, ಬಾಗಿಲಿಗೆ ಮುಖ ಮಾಡಿ ಬೆಂಚಿನ ಮೇಲೆ ಕೂತರು! ನಿಧಾನವಾಗಿ ಲೇಸು ಬಿಚ್ಚಿದರು. ಬೂಟು ತೆಗೆದಿಟ್ಟರು. ಉಸ್ಸಪ್ಪಾ ಎಂದರು. ಕೂತಲ್ಲೇ ಅರ್ಧ ಸುತ್ತು ತಿರುಗಿದರು. ಮಗಳು ಓಡಿಬಂದು ತಾಯಿಯ ಒಂದೊಂದೇ ಕಾಲನ್ನು ಹೂವಿನಂತೆ ಎತ್ತಿ ಈಚೆಗಿಟ್ಟಳು. ಅಂತೂ ಅತ್ತೆ ಏಳಲೂ ಇಲ್ಲ, ಒಂಟಿ ಕಾಲಲ್ಲಿ ನಿಲ್ಲಲೂ ಇಲ್ಲ, ಮನೆಯೊಳಗೆ ಬಂದಾಗಿತ್ತು.

"ಚೆನ್ನಾಗಿದೆ. ಎಂಟು ದಿನ ಇರ್ತೀನಿ" ಎಂದರು. ಹೆಂಡತಿ ಅವರ ಹೆಗಲಿಗೆ ಮುಖವಿಟ್ಟು ಅತ್ತೇಬಿಟ್ಟಳು.

ಮಾಸ್ಟ್ರಿಗೆ ಹೋದ ಜೀವ ಬಂತು. ಅದರ ಹಿಂದೆಯೇ ಜಂಬವೂ ಬಂತು. "ನೋಡಿದ್ರಾ ಅತ್ತೆ, ನಿಮಗೆ ಅನುಕೂಲ ಆಗ್ಲಿ ಅಂತಾನೇ ಸ್ವಲ್ಪ ಧಾರಾಳವಾಗಿ..."

ಅತ್ತೆ ಚೀಲದಿಂದ ಉಣ್ಣೆ ಕೋಟು ತೆಗೆದು ತೊಟ್ಟು ತೋರಿಸಿದರು. ಗುಂಡಿಗೂ ಕಾಜಾಕ್ಕೂ ನಡುವೆ ನಾಲ್ಕು ಬೆರಳು ಅಂತರ! ಮುನಿದ ಅತ್ತೆಯ ಮನೆಗೇ ಹೋಗಿ ಅಳತೆ ಹಿಡಿದ ಗಾಬರಿಯಲ್ಲಿ ಮಾಸ್ಟ್ರಿಗೆ ಲೂಸು ಬಿಡುವುದೇ ಮರೆತುಹೋಗಿತ್ತು.

"ನೋಡಪ್ಪಾ," ಎಂದರು ಅತ್ತೆ, ಗರಗಸ ಹಿಡಿದು ನಿಂತ ಬಡಗಿಗೆ, "ಕೊಯ್ದ ನಾಲ್ಕಿಂಚು ಬಿಸಾಕ್ಬೇಡ. ಅಳಿಯಂದಿರ ಕೈಗೆ ಕೊಡು. ಈ ಕೋಟಿಗೆ ಸೇರಿಸಿ ಹೊಲೀಲಿ."