ಮಾದರಿ ಬಾಯಿ

ಬಾಯಿ ಆಸ್ಪತ್ರೆಯ ಲ್ಯಾಬ್ ಅಟೆಂಡರನಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರೂ ಅವನನ್ನು ಪನ್ನೀರು ಎನ್ನುತ್ತಿದ್ದರು. ಕಾರಣ ಅವನ ಉಗುಳು. ಎಂಜಲಿನ ಮೇಲೆ ಬೆಳಕು ಬಿಟ್ಟು ಬಾಯಿ ಕ್ಯಾನ್ಸರಿನ ಸುಳಿವನ್ನು ಬೇಗನೆ ಹಿಡಿಯುವ ಹೊಸ ಯಂತ್ರ ಬಂದಾಗ, ದಿನಾ ಬೆಳಿಗ್ಗೆ ಅದಕ್ಕೊಂದು ಆರೋಗ್ಯವಂತ ಬಾಯಿಯ ಎಂಜಲು ತೋರಿಸಿ ಯಂತ್ರ ಸರಿಯಿದೆಯೇ ಎಂದು ನೋಡಬೇಕಿತ್ತು. ಉಳಿದವರು ಹೇಸಿಕೊಂಡು ಹಿಂದೆ ಸರಿದಾಗ ಇವನು ಮುಂದೆ ಬಂದ. ಡಾಕ್ಟರು ಪರೀಕ್ಷಿಸಿ ಭೇಷ್ ಎಂದರು. ಯಂತ್ರವೂ ಹಸಿರು ದೀಪ ಹತ್ತಿಸಿತು. ಅಂದಿನಿಂದ ಮಹಾಶಯ ತಲೆಯೆತ್ತಿಕೊಂಡೇ ಓಡಾಡುತ್ತಿದ್ದ.

ಆಮೇಲೆ ಹಳೆಯ ಚಟ ಮತ್ತೆ ಅಂಟಿಕೊಂಡಿತು. ಕೆಲಸ ಮುಗಿದ ಮೇಲೆ ಸೈಕಲ್ ಸ್ಟ್ಯಾಂಡಿನ ಹಿಂದೆ ನಿಂತು ಎಡಗೆನ್ನೆಯೊಳಗೆ ಹೊಗೆಸೊಪ್ಪು ಒತ್ತಿಕೊಳ್ಳುತ್ತಿದ್ದ. ಇದು ಯಾರಿಗೂ ಗೊತ್ತಿರಲಿಲ್ಲ. ಅದೇ ಆಸ್ಪತ್ರೆಯ ಅಡುಗೆಮನೆಯಲ್ಲಿದ್ದ ಹೆಂಡತಿಗಂತೂ ಅದನ್ನು ಬಿಟ್ಟೇಬಿಟ್ಟೆನೆಂದು ಮಾತು ಕೊಟ್ಟಿದ್ದ. ಈಚೆಗೆ ಆ ಕೆನ್ನೆಯೊಳಗೆ ನಾಲಿಗೆಗೆ ತೊಡರುವಂಥ ಒಂದು ಬಿಳಿ ಮಚ್ಚೆ ಎದ್ದಿತ್ತು. ಖಾರ ತಾಗಿದರೆ ಜೀವ ಹೋಗುತ್ತಿತ್ತು. ಅವನಿಗೆ ಒಳಗೊಳಗೇ ಭಯ. ಆದರೆ ಡಾಕ್ಟರ ಮುಂದೆ ಬಾಯಿ ತೆರೆದರೆ ಹೆಸರೂ ಹೋಯಿತು, ಹೆಂಡತಿಯ ನಂಬಿಕೆಯೂ ಹೋಯಿತು ಎಂದು ಸುಮ್ಮನಿದ್ದ.

ಯಂತ್ರ ನೋಡಲು ದೊಡ್ಡ ಅತಿಥಿಗಳು ಬರುವ ದಿನವೇ ಪನ್ನೀರಿನ ಎಂಜಲಿಗೆ ಕೆಂಪು ದೀಪ ಹತ್ತಿಬಿಟ್ಟಿತು.

"ಅಯ್ಯೋ, ಏನಿದು ಕೆಂಪು!" ನರ್ಸಕ್ಕ ಹೌಹಾರಿದಳು.

ದೊಡ್ಡ ಡಾಕ್ಟರು ಓಡಿಬಂದು ಕನ್ನಡಕ ಏರಿಸಿ ನೋಡಿದರು. "ಮೆಷಿನ್ ಕೆಟ್ಟಿದೆ."

"ಸಾರ್, ಒಂದ್ವೇಳೆ ನನ್ನ ಬಾಯೇ..."

"ಬಿಡ್ತು ಅನ್ನು! ನಿನ್ನ ಬಾಯಿ ಕೆಡೋದುಂಟಾ? ಕರೀರಿ ಆ ರಿಪೇರಿಯವನನ್ನ."

ಪನ್ನೀರಿಗೆ ಹೋದ ಜೀವ ಬಂದಂತಾಯಿತು. ಎಲ್ಲರ ಜೊತೆ ಸೇರಿ ತಾನೂ ಯಂತ್ರವನ್ನು ಬಾಯಿಗೆ ಬಂದಂತೆ ಬೈದ. ಅವನ ಬಾಯಿ ತೆರೆಸಿ ನೋಡೋಣವೆಂದು ಆ ಬಾಯಿ ಆಸ್ಪತ್ರೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ರಿಪೇರಿಯವನು ಗಾಜು ಒರೆಸಿದ, ಕೆಂಪು. ದೀಪ ಬದಲಾಯಿಸಿದ, ಕೆಂಪು. ಪ್ರತಿ ಸಲವೂ ಪನ್ನೀರು ಹೊಸದಾಗಿ ಉಗುಳಬೇಕು. ಹೆದರಿಕೆಗೆ ಅವನ ಬಾಯಿ ಒಣಗಿಹೋಯಿತು.

"ನಿಂಬೆಹಣ್ಣು ನೆನೆಸ್ಕೋ," ಎಂದಳು ನರ್ಸಕ್ಕ. ಗೇಟಿನ ಕಾವಲುಗಾರ ಹುಳಿ ಮಾವಿನಕಾಯಿ ಕಚ್ಚುವವನ ಹಾಗೆ ಮುಖ ಕಿವುಚಿ, ನಾಲಿಗೆಯಲ್ಲಿ ಲೊಟ್ಟೆ ಹೊಡೆದು ತೋರಿಸಿದ. ಸುತ್ತ ನಿಂತವರ ಬಾಯಲ್ಲೆಲ್ಲ ನೀರೂರಿತು. ಪನ್ನೀರಿನ ಗಂಟಲು ಮಾತ್ರ ಬೇಸಿಗೆಯ ನಲ್ಲಿಯಂತೆ ಗೊರಗೊರ ಎಂದು ಸುಮ್ಮನಾಯಿತು. ಅಂತೂ ಇಂತೂ ಒಂದು ತೊಟ್ಟು ಬಂತು.

"ಇವರ ಎಂಜಲು ಸರಿ ಇರೋದು ಗ್ಯಾರಂಟಿ ತಾನೆ?" ಎಂದ ಬೆವರಿ ನೀರಾಗಿದ್ದ ರಿಪೇರಿಯವನು.

"ನೂರಕ್ಕೆ ನೂರು," ಎಂದರು ಡಾಕ್ಟರು.

"ಹಾಗಿದ್ರೆ ಇದಕ್ಕೇ ಹಸಿರು ಬರೋ ಹಾಗೆ ತಿರುಗಿಸಿಬಿಡ್ತೀನಿ." ಅವನು ಹಿಂದಿನ ಒಂದು ತಿರುಪನ್ನು ಗಟ್ಟಿಯಾಗಿ ತಿರುಗಿಸಿದ. ಹಸಿರು ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಅತಿಥಿಗಳು ಬಂದೇಬಿಟ್ಟರು, ಜೊತೆಗೊಬ್ಬ ಫೋಟೋದವನು. ಹಿರಿಯ ಅತಿಥಿ ನಗುನಗುತ್ತಾ ಎಂಜಲು ಕೊಟ್ಟರು. ಕೆಂಪು! ಅವರಿಗೆ ಧೈರ್ಯ ಹೇಳಲು ದೊಡ್ಡ ಡಾಕ್ಟರು ತಮ್ಮದೂ ಕೊಟ್ಟರು. ಅದೂ ಕೆಂಪು. ನರ್ಸಕ್ಕನದು ಕೆಂಪು, ಕಾವಲುಗಾರನದು ಕಡುಗೆಂಪು. ನರ್ಸಕ್ಕ ಸ್ಟೀಲ್ ತಟ್ಟೆಯಲ್ಲಿ ತನ್ನ ನಾಲಿಗೆ ನೋಡಿಕೊಳ್ಳತೊಡಗಿದಳು. ಹಿರಿಯ ಅತಿಥಿ ಕುಸಿದು ಕೂತರು.

"ನನ್ನ ಮಗಳಿಗೆ ಏನಂತ ಹೇಳ್ಲಿ?" ಎಂದು ಅವರು ಕಣ್ಣೊರೆಸಿಕೊಂಡಾಗ ಪನ್ನೀರಿಗೆ ತಡೆಯಲಾಗಲಿಲ್ಲ. ಯಾರ ಬಾಯಿ ಕೆಟ್ಟಿದೆ ಎಂಬುದು ಅವನೊಬ್ಬನಿಗೇ ಗೊತ್ತು. ಹೇಳಿಬಿಡೋಣವೆಂದು ಮುಂದೆ ಬಂದ.

"ಸ್ವಾಮಿ, ಅದು..."

"ಇವರೇನಾ ಆ ಹಸಿರಿನವರು?" ಅತಿಥಿ ಅವನ ಕೈ ಹಿಡಿದುಕೊಂಡರು. "ಇಡೀ ಆಸ್ಪತ್ರೇಲಿ ಇದೊಂದೇ ಒಳ್ಳೇ ಬಾಯಿ! ಜನ ನೋಡಿ ಕಲೀಲಿ. ತೆಗೀರಿ ಫೋಟೋ!"

ಪನ್ನೀರು ತುಟಿ ಬಿಗಿದ. ಫೋಟೋದವನು ಬಿಡಲಿಲ್ಲ. "ಆ ಅನ್ನಿ ಸಾರ್, ಇನ್ನೂ ಅಗಲ." ಡಾಕ್ಟರೇ ಟಾರ್ಚ್ ಹಿಡಿದರು. ಕ್ಯಾಮೆರಾ ಕ್ಲಿಕ್ಕೆಂದಿತು. ಟಾರ್ಚ್ ಮಾತ್ರ ಎಡಗೆನ್ನೆಯ ಮೇಲೇ ನಿಂತುಬಿಟ್ಟಿತು.

"ಹೊಗೆಸೊಪ್ಪಾ?" ಎಂದರು ಡಾಕ್ಟರು ಮೆಲ್ಲಗೆ.

ಪನ್ನೀರು ಹೌದೆಂದು ತಲೆಯಾಡಿಸಿದ.

"ಮೆಷಿನ್ ಬೆಳಿಗ್ಗೇನೇ ಸರಿಯಾಗಿ ಹೇಳಿತ್ತು, ನಾವು ಅದರ ಕಿವಿ ತಿರುಚಿದ್ವಿ." ಡಾಕ್ಟರು ಅವನ ಭುಜ ಹಿಡಿದರು. "ಹೆದರಬೇಡ. ಮಚ್ಚೆಯ ಚೂರು ತೆಗೆದು ಪರೀಕ್ಷೆ ಮಾಡೋಣ. ಇನ್ನೂ ಶುರು ಅನ್ಸುತ್ತೆ, ವಾಸಿ ಮಾಡ್ಬಹುದು."

ಪನ್ನೀರಿಗೆ ಅಳು ಉಕ್ಕಿತು. ಇಷ್ಟು ದಿನ ಒಬ್ಬನೇ ಹೊತ್ತ ಭಯ ಹಗುರಾಗಿತ್ತು. ಅತಿಥಿಗಳೋ ಬದುಕಿದೆವೆಂದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಪನ್ನೀರು ಕಣ್ಣೊರೆಸಿಕೊಂಡು ತಿರುಗಿದರೆ ಬಾಗಿಲಲ್ಲಿ ಹೆಂಡತಿ! ಅತಿಥಿಗಳಿಗೆ ಚಹಾ ತಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಕಣ್ಣಲ್ಲೂ ನೀರಿತ್ತು.

"ಈ ಫೋಟೋ ಅಳಿಸಿಬಿಡ್ಲಾ ಸಾರ್?" ಎಂದ ಫೋಟೋದವನು.

"ಅಳಿಸಪ್ಪಾ, ಪುಣ್ಯ ಬರುತ್ತೆ," ಎಂದ ಪನ್ನೀರು.

"ಯಾಕೆ ಅಳಿಸ್ಬೇಕು?" ಹೆಂಡತಿ ಚಹಾದ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. "ಹೊಗೆಸೊಪ್ಪು ತಿಂದ್ರೆ ಹೀಗಾಗುತ್ತೆ ಅಂತ ದಪ್ಪಕ್ಷರದಲ್ಲಿ ಬರೆದು ಊರಿಗೆಲ್ಲ ಅಂಟಿಸಿ. ಬರೀ ಬಾಯಿ ಹಾಕಿದ್ರೆ ಯಾರದು ಅಂತ ಗೊತ್ತಾಗಲ್ಲ. ಮುಖಾನೂ ಬರ್ಲಿ."

ಅತಿಥಿಗಳು ಭೇಷ್ ಎಂದರು. ಫೋಟೋದವನು ಎರಡು ಹೆಜ್ಜೆ ಹಿಂದೆ ಸರಿದು ಕ್ಯಾಮೆರಾ ಎತ್ತಿದ.

"ಸಾರ್, ಇನ್ನೊಂದ್ಸಲ ಆ ಅನ್ನಿ."