ಎಷ್ಟನೇ ನಂಬರಿನ ವಿಶ್ವವಿದ್ಯಾಲಯ?

ಕಾಲೇಜು ಮೇಷ್ಟ್ರಿಗೆ ಜಾತಕ ಒಂದನ್ನು ಬಿಟ್ಟು ಉಳಿದೆಲ್ಲವೂ ತಿಳಿದಿರುತ್ತದೆ ಎಂದು ನಮ್ಮ ಕಡೆಯ ನೆಂಟರು ನಂಬಿದ್ದಾರೆ. ಹರಪನಹಳ್ಳಿಯಲ್ಲಿ ಅರ್ಥಶಾಸ್ತ್ರ ಹೇಳುವ ನಾನು ಆ ನಂಬಿಕೆಗೆ ಧಕ್ಕೆ ಬರದಂತೆ ನಡೆದುಕೊಂಡು ಬಂದಿದ್ದೇನೆ. ಕೊಟ್ಟೂರಿನ ನನ್ನ ಅಕ್ಕನ ಮಗಳು ಶಿವಲೀಲಾಗೆ ಮೆಕ್ಕೆಜೋಳ ತಿನ್ನುವ ಹುಳುವಿನ ಮೇಲೆ ಸಂಶೋಧನೆ ಮಾಡಲು ಹೊರದೇಶದ ಎರಡು ವಿಶ್ವವಿದ್ಯಾಲಯಗಳು, ಯುರೋಪಿನದೊಂದು, ಆಸ್ಟ್ರೇಲಿಯಾದ್ದೊಂದು, ವಿದ್ಯಾರ್ಥಿವೇತನದ ಸಮೇತ ಸೀಟು ಕೊಟ್ಟವು. ಒಪ್ಪಿಗೆ ತಿಳಿಸಲು ಒಂದೇ ವಾರ. ಭಾವ ಫೋನ್ ಮಾಡಿ, “ಎರಡರೊಳಗ ಯಾವ್ದು ಮ್ಯಾಲಿನ ನಂಬರಿಂದು ಐತಿ ನೋಡಿ ಹೇಳಪ್ಪ. ಅಲ್ಲಿಗೇ ಕಳಸ್ತೀವಿ” ಎಂದರು.

ನೋಡಿದೆ, ಯುರೋಪಿನದು ಮೇಲಿತ್ತು, ಹೇಳಿಬಿಟ್ಟೆ. ಜಗತ್ತಿನ ವಿಶ್ವವಿದ್ಯಾಲಯಗಳಿಗೆ ನಂಬರು ಕೊಡುವ ಪಟ್ಟಿಗಳು ಹಲವಿವೆ ಎಂಬುದು ಸಂಜೆ ತಿಳಿಯಿತು. ಇನ್ನೊಂದು ಪಟ್ಟಿಯಲ್ಲಿ ಆಸ್ಟ್ರೇಲಿಯಾದ್ದೇ ಮೇಲೆ. ಒಂದು ಪಟ್ಟಿಯವರು ಅಲ್ಲಿನ ಸಂಶೋಧನಾ ಲೇಖನಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆಂದು ಎಣಿಸುತ್ತಾರೆ. ಇನ್ನೊಬ್ಬರಿಗೆ ಒಬ್ಬ ಮೇಷ್ಟ್ರಿಗೆ ಎಷ್ಟು ವಿದ್ಯಾರ್ಥಿಗಳು, ಅವರಲ್ಲಿ ಹೊರದೇಶದವರು ಎಷ್ಟು ಎಂಬ ಚಿಂತೆ. ಮತ್ತೊಬ್ಬರು ದೊಡ್ಡ ಬಹುಮಾನ ಪಡೆದವರನ್ನು ಹುಡುಕುತ್ತಾರೆ, ಆ ಪುಣ್ಯಾತ್ಮರು ತೀರಿಕೊಂಡಿದ್ದರೂ ಪರವಾಗಿಲ್ಲ. ನಾನು ತೀರ್ಪು ಬದಲಿಸಿದಾಗಲೆಲ್ಲ ಭಾವ ಊರಿಗೆ ಸಾರಿದ ಸುದ್ದಿಯನ್ನೂ ಬದಲಿಸಬೇಕಾಯಿತು. ಕೊನೆಗೆ ಮುಖತಃ ವಿವರಿಸೋಣವೆಂದು ಕೊಟ್ಟೂರಿನ ಬಸ್ಸು ಹತ್ತಿದೆ.

ಅಕ್ಕ ಕೊಟ್ಟ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ನಾನು ಮಾಡಿದ ಪಾಠವನ್ನು ಶಿವಲೀಲಾ ತಾಳ್ಮೆಯಿಂದ ಕೇಳಿದಳು. ಆಮೇಲೆ, “ಮಾವ, ನನಗ ಹೇಳಿಕೊಡೋರು ಎಂಥವರು ಅಂತ ಇದರೊಳಗ ಎಲ್ಲೂ ಇಲ್ಲ. ಅದಕ್ಕ ಅವರ ಕೈಕೆಳಗಿನ ಹುಡುಗ್ಯಾರನ್ನೇ ಕೇಳೀನಿ” ಎಂದಳು. ಯುರೋಪಿನ ಪ್ರೊಫೆಸರು ಸದಾ ಪ್ರವಾಸದಲ್ಲಿರುತ್ತಾರಂತೆ, ವಿದ್ಯಾರ್ಥಿಗಳಿಗೆ ಅವರ ದರ್ಶನವೇ ಅಪರೂಪ. ಆಸ್ಟ್ರೇಲಿಯಾದ ಹುಡುಗಿಯರು ವಿಡಿಯೋದಲ್ಲಿ ಹುಳು ಸಾಕುವ ಕೋಣೆಯನ್ನೆಲ್ಲ ತೋರಿಸಿದ್ದರು. ಆದರೆ ಅಷ್ಟು ಹೊತ್ತಿಗೆ ನಾನು ನೋಡಿದ್ದ ಹೆಚ್ಚಿನ ಪಟ್ಟಿಗಳಲ್ಲಿ ಆಸ್ಟ್ರೇಲಿಯಾದ್ದೇ ಕೆಳಗಿತ್ತು. ಭಾವನ ಮುಖ ಸಪ್ಪಗಾಯಿತು. “ಮಂದಿಗೆ ಏನಂತ ಹೇಳೋದು?” ಎಂದರು. ಅಕ್ಕ, “ಓದೋಳು ಆಕಿ, ಮಂದಿ ಅಲ್ಲ” ಎಂದು ಒಳಗೆ ಹೋದಳು. ಅಲ್ಲಿಗೆ ಆಸ್ಟ್ರೇಲಿಯಾ ಎಂದು ತೀರ್ಮಾನವಾಯಿತು.

ಪಟ್ಟಿಗಳು ದಂಡ ಎನ್ನಲಾರೆ. ಹೆಸರೇ ಕೇಳದ ಊರಿನಲ್ಲಿ ವಿಶ್ವವಿದ್ಯಾಲಯವೊಂದು ನಿಜವಾಗಿಯೂ ಇದೆ ಎಂಬ ಧೈರ್ಯವನ್ನಾದರೂ ಕೊಡುತ್ತವೆ. ಶಿವಲೀಲಾ ಹೋದ ಮರುವರ್ಷ ಅಂಥದೊಂದು ಪಟ್ಟಿಯವರು ನನಗೇ ಮೇಲ್ ಕಳಿಸಿದರು: ನಿಮ್ಮ ಅಭಿಪ್ರಾಯದಲ್ಲಿ ಜಗತ್ತಿನ ಶ್ರೇಷ್ಠ ವಿಶ್ವವಿದ್ಯಾಲಯಗಳು ಯಾವುವು? ಮೇಷ್ಟ್ರುಗಳ ಅಭಿಪ್ರಾಯಕ್ಕೂ ಅಂಕವಿದೆಯಂತೆ. ನಾನು ಕಂಡದ್ದು ನನಗೆ ಡಿಗ್ರಿ ಕೊಟ್ಟ ಒಂದನ್ನು ಮಾತ್ರ. ಆದರೂ ಗಂಭೀರವಾಗಿ ಕನ್ನಡಕ ಒರೆಸಿಕೊಂಡು ಶಿವಲೀಲಾಳ ವಿಶ್ವವಿದ್ಯಾಲಯಕ್ಕೆ ಗುರುತು ಹಾಕಿದೆ.

ಮುಂದಿನ ಪಟ್ಟಿಯಲ್ಲಿ ಅದು ತುಸು ಮೇಲೇರಿತ್ತು. ಅವಳಿಗೆ ಫೋನ್ ಮಾಡಿದರೆ, ತಾನು ನೋಡಿಲ್ಲ, ಹುಳುಗಳು ಮಾತ್ರ ಚೆನ್ನಾಗಿ ಬೆಳೆಯುತ್ತಿವೆ ಎಂದಳು. ನನ್ನೊಬ್ಬನ ಗುರುತಿನಿಂದ ಅಷ್ಟು ದೊಡ್ಡ ಸಂಸ್ಥೆ ಏರುವುದಿಲ್ಲವೆಂದು ಗೊತ್ತಿಲ್ಲದಷ್ಟು ದಡ್ಡ ನಾನಲ್ಲ. ಆದರೂ ಆ ದಿನ ಸ್ಟಾಫ್ ರೂಮಿನವರಿಗೆಲ್ಲ ಚಹಾ ಕುಡಿಸಿದೆ.