ಸುಟ್ಟ ಕೋಟಿನ ಬಗ್ಗೆ ಸಂಪಾದಕ ಮಹಾಶಯರಿಗೆ

ಮಾನ್ಯ ಸಂಪಾದಕ ಮಹಾಶಯರೇ,

ದಿನಕ್ಕೊಂದು ಸಲ ದೇಶಕ್ಕೆ ಬುದ್ಧಿ ಹೇಳಿ ದಣಿದಿರುವ ತಮ್ಮ ಬಲಗೈಗೆ, ಆ ಕೈಯಲ್ಲಿರುವ ಪೆನ್ನಿಗೆ, ತಮ್ಮ ಕೋಣೆಯ ಏಸಿಗೂ ಸಹ, ಡ್ರೈಕ್ಲೀನಿಂಗ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಉಜ್ಜುವ ನನ್ನ ಅನಂತ ನಮಸ್ಕಾರಗಳು. ತಮ್ಮದು ಇಂಗ್ಲಿಷ್ ಪತ್ರಿಕೆ, ಆದರೂ ನಾನು ಮನೆಮಾತಿನಲ್ಲೇ ಬರೆಯುತ್ತಿದ್ದೇನೆ. ಕಾರಣ ಇಷ್ಟೇ: ನನಗೆ ಬೈಯಬೇಕಾಗಿದೆ, ಇಂಗ್ಲಿಷಿನಲ್ಲಿ ಬೈಯುವುದನ್ನು ತಾವು ಕಲಿಸಿಲ್ಲ.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕನಿಕರ ಬೇಡ, ನಾನಾಗಿಯೇ ಬಿಟ್ಟೆ, ಬಿಟ್ಟಾಗ ಮೇಷ್ಟರಿಗೂ ಖುಷಿಯಾಯಿತು. ನಾಲ್ಕು ವರ್ಷದಿಂದ ಈ ಅಂಗಡಿಯಲ್ಲಿ ಹಬೆಯೊಳಗೆ ನಿಂತೇ ಇದ್ದೇನೆ. ಮುಂದೆ ಕೌಂಟರಿನಲ್ಲಿ ಒಂದು ಕುರ್ಚಿ, ಒಂದು ಫ್ಯಾನು, ಒಂದು ಕಿಟಕಿ ಇವೆ. ಅಲ್ಲಿ ಕೂರುತ್ತಿದ್ದ ಅಕ್ಕ ಇನ್ನಾರು ತಿಂಗಳಲ್ಲಿ ಕೆಲಸ ಬಿಡುತ್ತೇನೆ ಎಂದಾಗ ಯಜಮಾನರು, ಎದುರಿನ ಆಫೀಸುಗಳ ಗಿರಾಕಿಗಳು ಇಂಗ್ಲಿಷ್ ಬಿಟ್ಟು ಬೇರೆ ಆಡುವುದಿಲ್ಲವಾದ್ದರಿಂದ, "ಇಂಗ್ಲಿಷ್ ಬಂದೋರಿಗೆ ಕುರ್ಚಿ, ಅಷ್ಟೇ" ಎಂದರು. ಆ ಕುರ್ಚಿ ನನಗೆ ಬೇಕಿತ್ತು. ಇವತ್ತಿಗೂ ಬೇಕು.

ಅದೇ ವಾರ ತಾವು ಬರೆದಿರಿ: ದಿನವೂ ನಮ್ಮ ಲೇಖನಗಳನ್ನು ಓದಿ, ಆರೇ ತಿಂಗಳಲ್ಲಿ ಉನ್ನತ ಮಟ್ಟದ ಪದಸಂಪತ್ತು ನಿಮ್ಮದು. ಆಹಾ! ಇಸ್ತ್ರಿಯಾದ ಬಟ್ಟೆ ಸುತ್ತಲು ನಮ್ಮಲ್ಲಿಗೆ ತಮ್ಮ ಹಳೇ ಪತ್ರಿಕೆಯ ಕಟ್ಟುಗಳೇ ಬರುತ್ತವೆ. ನಾನು ಒಂದು ಕೈಯಲ್ಲಿ ಇಸ್ತ್ರಿ, ಒಂದು ಕೈಯಲ್ಲಿ ಫೋನಿನ ಡಿಕ್ಷನರಿ ಹಿಡಿದು, ದಿನಕ್ಕೆ ಹತ್ತು ಪದ ಬಾಯಿಪಾಠ ಮಾಡಿದೆ. ಎಷ್ಟೋ ಸಲ ಅರ್ಧ ಸಂಪಾದಕೀಯ ಯಾರದೋ ಪ್ಯಾಂಟಿನ ಜೊತೆ ಅವರ ಮನೆಗೆ ಹೋಗಿಬಿಡುತ್ತಿತ್ತು. ಅದರಲ್ಲಿ ಬರೆದಿದ್ದ ಬಿಕ್ಕಟ್ಟು ಕೊನೆಗೆ ಬಗೆಹರಿಯಿತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಪೂರ್ತಿ ಓದಿದವರಿಗೂ ಗೊತ್ತಿರಲಾರದು, ಅದು ತಮ್ಮ ಬರವಣಿಗೆಯ ಹೆಚ್ಚುಗಾರಿಕೆ.

ಆರು ತಿಂಗಳಾಯಿತು. ಯಜಮಾನರು ಒಂದು ವಾರದ ಪರೀಕ್ಷೆಗೆಂದು ನನ್ನನ್ನು ಕೌಂಟರಿನಲ್ಲಿ ಕೂರಿಸಿ, ನನ್ನ ಜಾಗಕ್ಕೆ ಸ್ವಂತ ಸೋದರಳಿಯನನ್ನು ಇಸ್ತ್ರಿಗೆ ನಿಲ್ಲಿಸಿದರು. ಮೂರನೇ ದಿನವೇ ಆ ಪುಣ್ಯಾತ್ಮ ಫೋನು ನೋಡುತ್ತಾ, ಒಬ್ಬ ವಕೀಲಮ್ಮನ ಕಪ್ಪು ಕೋಟಿನ ಬೆನ್ನ ಮೇಲೆ ಕಾದ ಇಸ್ತ್ರಿಯನ್ನು ಮಲಗಿಸಿಬಿಟ್ಟ. ನಾನು ಕಣ್ಣಾರೆ ಕಂಡೆ. ಸಂಜೆ ವಕೀಲಮ್ಮ ಬಂದು, ಕೋಟು ಬಿಡಿಸಿ, ಬೆನ್ನಿನ ತೂತಿನೊಳಗಿಂದ ನನ್ನನ್ನೇ ನೋಡುತ್ತಾ, ಯಾರು ಸುಟ್ಟಿದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಈಗ ತಮ್ಮ ಶಿಷ್ಯೆಯ ಪ್ರತಾಪ ಕೇಳಿ. ಇದು ಹಿಂದೆಂದೂ ಕಂಡರಿಯದ ಬೆಳವಣಿಗೆ ಎಂದೆ. ಪರಿಸ್ಥಿತಿ ಕಳವಳಕಾರಿ, ಆದರೂ ನಿಯಂತ್ರಣದಲ್ಲಿದೆ ಎಂದೆ. ಎಲ್ಲ ಇಂಗ್ಲಿಷಿನಲ್ಲೇ, ಒಂದು ಕಡೆಯೂ ತಡವರಿಸದೆ. ಅವರು ಮೇಜು ಕುಟ್ಟಿ ಮತ್ತೆ ಯಾರು ಎಂದಾಗ, ಕೆಲವು ಲೋಪಗಳು ಆಗಿವೆ ಎನ್ನಲಾಗಿದೆ, ಸತ್ಯ ಎಲ್ಲೋ ನಡುವೆ ಇರುತ್ತದೆ, ಎರಡೂ ಕಡೆಯವರು ಸಂಯಮ ತೋರಬೇಕು ಎಂದುಬಿಟ್ಟೆ. ಆರು ತಿಂಗಳು ಹುಡುಕಿದರೂ ತಮ್ಮ ಪುಟದಲ್ಲಿ ಇಂಥವನೇ ಮಾಡಿದ ಎನ್ನುವ ವಾಕ್ಯ ನನಗೆ ಸಿಕ್ಕಿರಲಿಲ್ಲ ಸ್ವಾಮಿ! ಸೇತುವೆ ತಾನಾಗಿ ಬೀಳುತ್ತದೆ, ದುಡ್ಡು ತಾನಾಗಿ ಕಾಣೆಯಾಗುತ್ತದೆ. ಹಾಗೆಯೇ ಕೋಟೂ ತಾನಾಗಿ ಸುಟ್ಟಿತು.

ಯಜಮಾನರು ಓಡಿಬಂದರು. ನಾನು ಮನೆಮಾತಿನಲ್ಲಿ ಇವನೇ ಸುಟ್ಟಿದ್ದು ಎಂದು ಕಿರುಚಿದೆ. ನಮ್ಮ ಮಾತು ಬಾರದ ವಕೀಲಮ್ಮನೋ, ಈ ಹುಡುಗಿ ಎರಡೂ ಕಡೆ ತಪ್ಪಿದೆ ಎಂದು ಒಪ್ಪಿಕೊಂಡಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದರು, ಯಜಮಾನರು ಅದನ್ನೇ ಮನೆಮಾತಿಗೆ ತಿರುಗಿಸಿ ನನ್ನನ್ನು ಗದರಿದರು. ಅಷ್ಟು ಸಾಕಾಯಿತು ಅಳಿಯ ದೇವರಿಗೆ: "ನೋಡಿ ಮಾವ, ಅವಳೇ ಹೇಳಿದ್ಳಲ್ಲ ಎರಡೂ ಕಡೆ ಅಂತ. ಇನ್ನೊಂದ್ ಕಡೆ ಯಾರು ಹಂಗಾದ್ರೆ, ಇಸ್ತ್ರಿ ಪೆಟ್ಟಿಗೆನಾ?" ಯಜಮಾನರು ನನಗೆ "ಹಿಂದಕ್ಕೆ ನಡಿಯಮ್ಮ" ಎಂದರು. ಈಗ ಕುರ್ಚಿಯಲ್ಲಿ ಅವನಿದ್ದಾನೆ. ಅವನಿಗೆ ಬರುವ ಇಂಗ್ಲಿಷ್ ಇಷ್ಟು: ಸಾರಿ ಮೇಡಂ, ಟುಮಾರೋ. ಫ್ಯಾನು ಅವನ ಕಡೆಗೇ ತಿರುಗಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆ. ದಯವಿಟ್ಟು ಗುಂಡಿ, ಕಾಲರು, ಜೇಬು, ಕಲೆ ಇವುಗಳ ಮೇಲೊಂದು ಸಂಪಾದಕೀಯ ಬರೆಯಬೇಕು. ಸರ್ಕಾರ ಉರುಳುವುದಕ್ಕೆ ನನಗೆ ಹನ್ನೊಂದು ಪದ ಗೊತ್ತು, ಜಿಪ್ಪು ಕೆಟ್ಟಿದ್ದಕ್ಕೆ ಒಂದೂ ಗೊತ್ತಿಲ್ಲ. ಹಾಗೆಯೇ ವರ್ಷಕ್ಕೊಂದು ದಿನ, ತಮ್ಮ ಆರೋಗ್ಯಕ್ಕೆ ತೊಂದರೆ ಆಗದಂತೆ ಡಾಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಪ್ಪು ಮಾಡಿದ ಒಬ್ಬನೇ ಒಬ್ಬನ ಹೆಸರು ಬರೆಯಬೇಕು. ಅಷ್ಟಾಗದಿದ್ದರೆ ತಾವೇ ಬಂದು ಒಂದು ವಾರ ನಮ್ಮ ಕೌಂಟರಿನಲ್ಲಿ ಕೂರಬೇಕು. ವಕೀಲಮ್ಮನಿಗೆ ನಾನು ಹೇಳಿ ಕಳಿಸುತ್ತೇನೆ.

ಅಂದಹಾಗೆ ಮೊನ್ನೆ ಆಕೆ ಸೀರೆ ಕೊಡಲು ಮತ್ತೆ ಬಂದರು. ನಾನು ಹಿಂದಿನ ಕೋಣೆಯಿಂದ ಸೀದಾ ಹೊರಬಂದು, ಅಳಿಯನ ಮೂಗಿನ ನೇರಕ್ಕೆ ಬೆರಳು ತೋರಿಸಿ, ಹೀ ಬರ್ನ್ ಕೋಟ್ ಎಂದೆ. ಮೂರೇ ಪದ. ವಕೀಲಮ್ಮ ಅವನತ್ತ ತಿರುಗಿ ನಿಂತರು. ಅವನು ಸಾರಿ ಮೇಡಂ ಎಂದುಬಿಟ್ಟ, ಅವನಿಗೆ ಬೇರೆ ಬಾರದಲ್ಲ! ಯಜಮಾನರು ತಲೆ ಚಚ್ಚಿಕೊಂಡು, "ಇಷ್ಟನ್ನ ಅವತ್ತೇ ಇಂಗ್ಲಿಷಲ್ಲಿ ಹೇಳೋಕೆ ನಿಂಗೇನಾಗಿತ್ತೇ?" ಎಂದರು. ಏನಾಗಿತ್ತೆಂದರೆ, ತಾವಾಗಿದ್ದಿರಿ. ಕುರ್ಚಿ ನನ್ನದೇ ತಾನೇ ಎಂದು ಕೇಳಿದ್ದಕ್ಕೆ, ಸೂಕ್ತ ಸಮಯದಲ್ಲಿ ಎಲ್ಲ ಅಂಶಗಳನ್ನೂ ನೋಡೋಣ ಎಂದಿದ್ದಾರೆ. ಅವರೂ ತಮ್ಮನ್ನು ಓದಲು ಶುರು ಮಾಡಿದ್ದಾರೆಂದು ನನಗೆ ಗಟ್ಟಿ ಅನುಮಾನ.

ಇಷ್ಟೆಲ್ಲ ಆದ ಮೇಲೂ, ತಮ್ಮ ವಿಶ್ವಾಸಿ,
ಇಸ್ತ್ರಿ ಮೇಜಿನವಳು

ತಾ.ಕ.: ನಿನ್ನೆ ತಮ್ಮ ಸಂಪಾದಕೀಯದ ಮಸಿ ಬಿಟ್ಟು, ಒಬ್ಬರ ಬಿಳಿ ಅಂಗಿಯ ಎದೆಗೆ ಅಚ್ಚೊತ್ತಿದೆ. ಎರಡು ಸಲ ಒಗೆದರೂ ಹೋಗಿಲ್ಲ. ಇದಕ್ಕೆ ಯಾರು ಹೊಣೆ ಎಂದು ಒಂದೇ ಸಾಲಿನಲ್ಲಿ ಬರೆದು ಕಳಿಸಿ. ಲೋಪಗಳು ಆಗಿವೆ ಎನ್ನಲಾಗಿದೆ ಎಂದು ಬರೆದಿರೋ, ಅಂಗಿಯ ಒಡೆಯನನ್ನೇ ತಮ್ಮ ಆಫೀಸಿಗೆ ಕಳಿಸುತ್ತೇನೆ. ಆತ ಕುಸ್ತಿ ಹೇಳಿಕೊಡುವವನು, ಸಂಯಮ ಕಡಿಮೆ.